ಡ್ಯಾಶ್‌ಬೋರ್ಡ್ ಹಸಿರು, ಪಹಣಿ ಇನ್ನೂ ಅಜ್ಜನ ಹೆಸರಲ್ಲಿ: ಸೊರಬ–ಶಿಕಾರಿಪುರದಿಂದ ಕಾಣುವ ಸರ್ಕಾರಿ ಐಟಿ

ಎಂಜಿನಿಯರಿಂಗ್ ಮುಗಿಸಿ ಬೆಂಗಳೂರಿನ ಕಂಪನಿಯೊಂದರ ಐಟಿ ಸಪೋರ್ಟ್ ತಂಡಕ್ಕೆ ಸೇರಿದಾಗ ನಾನು ಮೊದಲು ಕಲಿತ ವಿದ್ಯೆ ಟಿಕೆಟ್ ಕ್ಲೋಸ್ ಮಾಡೋದು. ಪ್ರಿಂಟರ್ ಓಡ್ತಿಲ್ಲ ಅಂತ ಯಾರೋ ದೂರು ಕೊಟ್ಟರೆ ನಾಲ್ಕು ಗಂಟೆಯೊಳಗೆ ಆ ಟಿಕೆಟ್ ಮುಚ್ಚಬೇಕು. ‘ನೆಟ್‌ವರ್ಕ್ ತಂಡಕ್ಕೆ ಕಳಿಸಲಾಗಿದೆ’ ಅಂತ ಬರೆದು ಮುಚ್ಚಿದರೂ ನಮ್ಮ ಲೆಕ್ಕದಲ್ಲಿ ಅದು ಮುಗಿದ ಕೆಲಸ. ತಿಂಗಳ ಕೊನೆಯ ವರದಿಯಲ್ಲಿ ಎಲ್ಲ ಹಸಿರು. ದೂರು ಕೊಟ್ಟವರು ಮಾತ್ರ ಅದೇ ಪ್ರಿಂಟರ್ ಮುಂದೆ ನಿಂತಿರ್ತಿದ್ದರು. ಐಟಿ ಜನ ಇಂಥ ವರದಿಗಳನ್ನ ಕಲ್ಲಂಗಡಿಗೆ ಹೋಲಿಸ್ತಾರೆ. ಹೊರಗೆ ಹಸಿರು, ಕೊಯ್ದರೆ ಕೆಂಪು.

ಕಂಪನಿಗಳ ಐಟಿ ವಿಭಾಗ ಪಕ್ವ ಆಗೋದು ಯಾವಾಗ ಅನ್ನೋ ಪ್ರಶ್ನೆಗೆ ಮ್ಯಾನೇಜ್‌ಮೆಂಟ್ ಪುಸ್ತಕಗಳು ನೂರಾರು ಪುಟ ಖರ್ಚು ಮಾಡಿವೆ. ಸಾರ ಇಷ್ಟೇ: ‘ನನ್ನ ಸರ್ವರ್ ಓಡ್ತಿದೆಯಾ’ ಅಂತ ಕೇಳೋ ವಿಭಾಗ ಇನ್ನೂ ಬೆಳೆದಿಲ್ಲ, ‘ನನ್ನಿಂದ ಯಾರ ಕೆಲಸ ಆಯ್ತು’ ಅಂತ ಕೇಳೋದು ಬೆಳೆದಿದೆ. ಕಂಪನಿಯಲ್ಲಿ ಈ ಪ್ರಶ್ನೆಗೆ ಉತ್ತರ ಲಾಭದಲ್ಲಿ ಸಿಗತ್ತೆ. ಸರ್ಕಾರದಲ್ಲಿ ಎಲ್ಲಿ ಹುಡುಕೋದು?

ನಾನು ಹುಡುಕೋದು ಪಹಣಿಯಲ್ಲಿ. ಕಂದಾಯ ಇಲಾಖೆಯ ಐಟಿಗೂ ‘ಗ್ರಾಹಕರು’ ಇದ್ದಾರೆ, ಆದರೆ ಆ ಗ್ರಾಹಕರಿಗೆ ಬೇರೆ ಅಂಗಡಿಗೆ ಹೋಗೋ ಆಯ್ಕೆ ಇಲ್ಲ. ಇದನ್ನ ನೋಡೋಕೆ ಸೊರಬ, ಶಿಕಾರಿಪುರಕ್ಕಿಂತ ಒಳ್ಳೆ ಜಾಗ ಸಿಗೋದು ಕಷ್ಟ. ಅಕ್ಕಪಕ್ಕದ ಈ ಎರಡು ತಾಲ್ಲೂಕುಗಳು ರಾಜ್ಯಕ್ಕೆ ಇಬ್ಬರು ಮುಖ್ಯಮಂತ್ರಿಗಳನ್ನು ಕೊಟ್ಟಿವೆ: ಎಸ್. ಬಂಗಾರಪ್ಪ ಮತ್ತು ಬಿ.ಎಸ್. ಯಡಿಯೂರಪ್ಪ. 2023ರಲ್ಲಿ ಇಲ್ಲಿಂದ ಗೆದ್ದವರು ಅವರ ಮಕ್ಕಳು. ಸೊರಬದ ಮಧು ಬಂಗಾರಪ್ಪ ಸಚಿವರಾದರು, ಶಿಕಾರಿಪುರದ ಬಿ.ವೈ. ವಿಜಯೇಂದ್ರ ವಿರೋಧ ಪಕ್ಷದ ರಾಜ್ಯಾಧ್ಯಕ್ಷರಾದರು. ಅಧಿಕಾರದ ಕೊರತೆಯಿಂದ ಇಲ್ಲಿ ಕೆಲಸ ಆಗಲಿಲ್ಲ ಅಂತ ಯಾರೂ ಹೇಳೋ ಹಾಗಿಲ್ಲ.

ಮೊದಲ ಹೆಜ್ಜೆ ನಿಜಕ್ಕೂ ದೊಡ್ಡದಾಗಿತ್ತು

ಹೊಗಳಬೇಕಾದ್ದನ್ನ ಮೊದಲು ಹೊಗಳಿಬಿಡೋಣ. 1990ರ ದಶಕದಲ್ಲೇ ಬೆಂಗಳೂರಿನ ಸಾಫ್ಟ್‌ವೇರ್ ಘಟಕಗಳು ಸಿಎಂಎಂ ಅನ್ನೋ ಪಕ್ವತೆಯ ಅಳತೆಗೋಲಿನಲ್ಲಿ ಅತಿ ಎತ್ತರದ 5ನೇ ಹಂತ ಮುಟ್ಟಿದ್ದವು. ಅದೇ ಹೊತ್ತಿಗೆ ಹಳ್ಳಿಯ ಪಹಣಿ ಗ್ರಾಮ ಲೆಕ್ಕಿಗರ ಕೈಬರಹದಲ್ಲಿ, ಅವರ ಕಂಕುಳಲ್ಲಿದ್ದ ಪುಸ್ತಕದಲ್ಲಿ ಇತ್ತು. ರಾಜ್ಯದಲ್ಲಿ ಸುಮಾರು 9 ಸಾವಿರ ಲೆಕ್ಕಿಗರು. ಅವರು ಸಿಕ್ಕಾಗ ಪಹಣಿ, ಕೇಳಿದಷ್ಟು ಕೊಟ್ಟಾಗ ನಕಲು.

2000ದ ಆಸುಪಾಸಿನಲ್ಲಿ ಬಂದ ‘ಭೂಮಿ’ ಯೋಜನೆ ಇದನ್ನ ಮುರಿಯಿತು. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಮುಂದಾಳತ್ವ, ಸಾಫ್ಟ್‌ವೇರ್ ಎನ್‌ಐಸಿಯದು. 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರ್‌ಗೆ ಹೋದವು. ತಾಲ್ಲೂಕು ಕಚೇರಿಯ ಕೌಂಟರ್‌ನಲ್ಲಿ 15 ರೂಪಾಯಿಗೆ ಪಹಣಿ. ಇದರಲ್ಲಿ ಜಾಣತನ ಇದ್ದದ್ದು ಕಂಪ್ಯೂಟರ್‌ನಲ್ಲಿ ಅಲ್ಲ, ಅದರ ಸುತ್ತ ಕಟ್ಟಿದ ನಿಯಮಗಳಲ್ಲಿ. ಕೈಬರಹದ ಪಹಣಿಗೆ ಕಾನೂನು ಮಾನ್ಯತೆ ತೆಗೆದರು. ಖಾತೆ ಬದಲಾವಣೆ ಅರ್ಜಿಗಳನ್ನ ಬಂದ ಸಾಲಿನಲ್ಲೇ ವಿಲೇವಾರಿ ಮಾಡಬೇಕು, ನಡುವೆ ನುಗ್ಗಿಸೋ ಹಾಗಿಲ್ಲ ಅಂತ ಸಾಫ್ಟ್‌ವೇರ್ ಒಳಗೇ ಕಟ್ಟಿದರು. ಆಪರೇಟರ್ ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕು. ಕೌಂಟರ್‌ನಲ್ಲಿ ರೈತನ ಕಡೆಗೆ ಮುಖ ಮಾಡಿದ ಎರಡನೇ ಪರದೆ ಇಟ್ಟರು. ಪಬ್ಲಿಕ್ ಅಫೇರ್ಸ್ ಸೆಂಟರ್ 2002ರಲ್ಲಿ ಮಾಡಿದ ಸಮೀಕ್ಷೆಯಲ್ಲಿ ಹಳೇ ವ್ಯವಸ್ಥೆ ಬಳಸಿದವರಲ್ಲಿ ಮೂರರಲ್ಲಿ ಎರಡು ಪಾಲು ಜನ ಲಂಚ ಕೊಟ್ಟದ್ದಾಗಿ ಹೇಳಿದ್ದರು. ಭೂಮಿ ಕೌಂಟರ್‌ಗೆ ಬಂದವರಲ್ಲಿ ಹಾಗೆ ಹೇಳಿದವರು ನೂರಕ್ಕೆ ಮೂವರು.

ಇಪ್ಪತ್ತೈದು ವರ್ಷದ ಹಿಂದೆ ಒಂದು ಸರ್ಕಾರಿ ಐಟಿ ವಿಭಾಗ ‘ಯಾರ ಕೆಲಸ ಆಯ್ತು’ ಅನ್ನೋ ಪ್ರಶ್ನೆ ಕೇಳಿತ್ತು, ಉತ್ತರವೂ ಸಿಕ್ಕಿತ್ತು. ಆಮೇಲೆ ಏನಾಯ್ತು?

ಒಂದು ಕುಟುಂಬ, ಏಳು ಲಾಗಿನ್

ಸೊರಬ ತಾಲ್ಲೂಕು ಜಡೆ ಹೋಬಳಿಯ ಒಂದು ಕುಟುಂಬ ಅಂತ ಇಟ್ಕೊಳ್ಳಿ. ಇದು ನಾನು ಕಟ್ಟಿದ ಉದಾಹರಣೆ, ಆದರೆ ಈ ಸೀಮೆಯಲ್ಲಿ ಸಂಬಂಧಿಕರಿರೋ ಯಾರಿಗೂ ಇದು ಹೊಸ ಕತೆ ಅನ್ನಿಸಲ್ಲ. ಮೂರು ಎಕರೆ ಗದ್ದೆ, ಒಂದಿಷ್ಟು ಅಡಿಕೆ. ಅಪ್ಪ ತೀರಿಕೊಂಡಿದ್ದಾರೆ, ಪಹಣಿ ಇನ್ನೂ ಅಜ್ಜನ ಹೆಸರಲ್ಲಿದೆ. ನಾಲ್ಕು ಜನ ಮಕ್ಕಳು: ಇಬ್ಬರು ಊರಲ್ಲಿ, ಒಬ್ಬಳು ಮದುವೆಯಾಗಿ ಶಿರಾಳಕೊಪ್ಪದಲ್ಲಿ, ಒಬ್ಬ ಬೆಂಗಳೂರಿನಲ್ಲಿ. ಜಮೀನು ನಾಲ್ವರ ಹೆಸರಿಗೆ ಬಂದು ಭಾಗ ಆಗಬೇಕು.

ಮೊದಲು ಮರಣ ಪ್ರಮಾಣಪತ್ರ: ಅದು ಇ-ಜನ್ಮ. ವಂಶವೃಕ್ಷ: ಅದು ನಾಡಕಚೇರಿ. ಪೌತಿ ಖಾತೆ: ಅದು ಭೂಮಿ. ಭಾಗ ಮಾಡೋಕೆ 11ಇ ನಕ್ಷೆ, ಸರ್ವೆಯವರು ಬಂದು ಅಳೀಬೇಕು: ಅದು ಮೋಜಿಣಿ. ವಿಭಾಗ ಪತ್ರದ ನೋಂದಣಿ: ಅದು ಕಾವೇರಿ. ನೋಂದಣಿ ಆದಮೇಲೆ ಮತ್ತೆ ಭೂಮಿಗೆ, ಖಾತೆ ಬದಲಾವಣೆಗೆ. ಹೆಸರು ಬಂದಮೇಲೆ ನಾಲ್ವರಿಗೂ ಎಫ್‌ಐಡಿ: ಅದು ಫ್ರೂಟ್ಸ್. ಬೆಳೆ ವಿಮೆ ಕಟ್ಟೋದಾದ್ರೆ: ಅದು ಸಂರಕ್ಷಣೆ. ಏಳು ಸಾಫ್ಟ್‌ವೇರ್, ನಾಲ್ಕೈದು ಇಲಾಖೆ.

ಈಗ ಕಲ್ಲಂಗಡಿ ಕೊಯ್ಯೋಣ. ಸರ್ವೆಯವರು ನಕ್ಷೆ ಕೊಟ್ಟಾಗ ಅವರ ಡ್ಯಾಶ್‌ಬೋರ್ಡ್ ಹಸಿರು. ಬೆಂಗಳೂರಿನ ಮಗನ ಹೆಸರು ಆಧಾರ್‌ನಲ್ಲಿ ಒಂದು ಥರ, ವಂಶವೃಕ್ಷದಲ್ಲಿ ಇನ್ನೊಂದು ಥರ ಇದೆ ಅಂತ ಅರ್ಜಿ ತಿರಸ್ಕಾರ ಆದರೂ ಅದು ‘ವಿಲೇವಾರಿ’, ಅಲ್ಲೂ ಹಸಿರು. ಕುಟುಂಬ ಮತ್ತೆ ಅರ್ಜಿ ಹಾಕಿದರೆ ಹೊಸ ಅರ್ಜಿ, ಹೊಸ ಸಂಖ್ಯೆ, ಗಡಿಯಾರ ಮತ್ತೆ ಸೊನ್ನೆಯಿಂದ. ಈ ಏಳರಲ್ಲಿ ಯಾವ ಪರದೆಯ ಮೇಲೂ ಕಾಣದ ಅಂಕಿ ಒಂದೇ: ಅಪ್ಪ ತೀರಿಕೊಂಡ ದಿನದಿಂದ ಮಕ್ಕಳ ಹೆಸರಿಗೆ ಪಹಣಿ ಬರೋವರೆಗೆ ಎಷ್ಟು ದಿನ ಆಯ್ತು, ಎಷ್ಟು ಸಲ ಬಸ್ ಹತ್ತಿದರು, ಎಷ್ಟು ದಿನದ ಕೂಲಿ ಹೋಯ್ತು.

ಸಕಾಲ ಕಾಯ್ದೆ ಇದೆಯಲ್ಲ ಅಂತೀರಿ. 2011ರ ಕಾಯ್ದೆ, 2012ರಿಂದ ಜಾರಿ. ತಡವಾದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ. ಒಳ್ಳೆ ಕಾಯ್ದೆಯೇ. ಆದರೆ ಅದು ಒಂದೊಂದು ಸೇವೆಯನ್ನ ಬಿಡಿಬಿಡಿಯಾಗಿ ಅಳೆಯತ್ತೆ. ನಮ್ಮ ಕುಟುಂಬಕ್ಕೆ ಬೇಕಾಗಿರೋದು ಏಳು ಸೇವೆ ಅಲ್ಲ, ಒಂದು ಕೆಲಸ. ಏಳೂ ಸೇವೆ ಸಕಾಲಕ್ಕೆ ಸಿಕ್ಕಿ ಕೆಲಸ ಮಾತ್ರ ಎರಡು ವರ್ಷ ಹಿಡಿಯೋದು ಸಾಧ್ಯ.

ನಾವು ಯಾವ ಹಂತದಲ್ಲಿದ್ದೀವಿ?

ಹಾರ್ವರ್ಡ್‌ನ ರಿಚರ್ಡ್ ನೋಲನ್ 1970ರ ದಶಕದಲ್ಲಿ ಕಂಪನಿಗಳ ಕಂಪ್ಯೂಟರ್ ವಿಭಾಗಗಳನ್ನ ಗಮನಿಸಿ ಒಂದು ಏಣಿ ಬರೆದ. 1979ರ ಹೊತ್ತಿಗೆ ಅದರಲ್ಲಿ ಆರು ಮೆಟ್ಟಿಲು. ಮೊದಲು ಯಾವುದೋ ಒಂದು ಕೆಲಸಕ್ಕೆ ಕಂಪ್ಯೂಟರ್ ಬರತ್ತೆ. ಆಮೇಲೆ ಅದು ಸಾಂಕ್ರಾಮಿಕ: ಎಲ್ಲರಿಗೂ ತಮ್ಮದೇ ಒಂದು ಬೇಕು. ಖರ್ಚು ಕೈಮೀರಿದಾಗ ಮೂರನೇ ಹಂತ, ಹಿಡಿತ. ನಾಲ್ಕನೆಯದರಲ್ಲಿ ಬಿಡಿ ವ್ಯವಸ್ಥೆಗಳನ್ನ ಜೋಡಿಸ್ತಾರೆ. ಐದನೆಯದರಲ್ಲಿ ಯಂತ್ರ ಬಿಟ್ಟು ಮಾಹಿತಿಯನ್ನೇ ಆಸ್ತಿ ಅಂತ ನೋಡ್ತಾರೆ. ಆರನೆಯದು ಪಕ್ವತೆ: ಸಂಸ್ಥೆ ಏನು ಮಾಡ್ತಿದೆ ಅನ್ನೋದೂ ಅದರ ಕಂಪ್ಯೂಟರ್ ಏನು ಮಾಡ್ತಿದೆ ಅನ್ನೋದೂ ಹೊಂದಿಕೊಳ್ಳತ್ತೆ. ಈ ಏಣಿಯ ಮೇಲೆ ಆಮೇಲೆ ಬೇಕಾದಷ್ಟು ಟೀಕೆ ಬಂದಿದೆ. ಆದರೂ ಒಂದು ಕಾಯಿಲೆ ಗುರುತಿಸೋಕೆ ಇವತ್ತಿಗೂ ಸಾಕು.

ಭೂಮಿ ಮೊದಲ ಮೆಟ್ಟಿಲು. ಎರಡನೇ ಮೆಟ್ಟಿಲು ಹೇಗಿರತ್ತೆ ಅಂತ ಗ್ರಾಮ ಆಡಳಿತ ಅಧಿಕಾರಿಗಳನ್ನ ಕೇಳಿ. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯದ ಗ್ರಾಮ ಆಡಳಿತ ಅಧಿಕಾರಿಗಳು ಮುಷ್ಕರಕ್ಕೆ ಇಳಿದರು. ಅವರ ದೂರುಗಳಲ್ಲಿ ಮುಖ್ಯವಾದದ್ದು: 17ಕ್ಕೂ ಹೆಚ್ಚು ಮೊಬೈಲ್ ಮತ್ತು ವೆಬ್ ಆ್ಯಪ್‌ಗಳಲ್ಲಿ ಕೆಲಸ ಮಾಡಿ ಅಂತೀರಿ, ಅದಕ್ಕೆ ಬೇಕಾದ ಸಲಕರಣೆ ಕೊಟ್ಟಿಲ್ಲ. ಬಗರ್ ಹುಕುಂಗೆ ಒಂದು ಆ್ಯಪ್, ಸರ್ಕಾರಿ ಜಮೀನು ಕಾಯೋಕೆ ಲ್ಯಾಂಡ್ ಬೀಟ್ ಅಂತ ಇನ್ನೊಂದು, ಪೌತಿಗೆ ಮತ್ತೊಂದು. ನೋಲನ್ ಹೇಳಿದ ಸಾಂಕ್ರಾಮಿಕ ಅಂದರೆ ಇದೇ. ಪ್ರತಿ ಹೊಸ ಯೋಜನೆಗೂ ಒಂದು ಹೊಸ ಆ್ಯಪ್, ಅದರ ಉದ್ಘಾಟನೆಗೆ ಒಂದು ಫೋಟೊ. ಅಷ್ಟೂ ಆ್ಯಪ್ ಒಬ್ಬರೇ ಮನುಷ್ಯರ ಜೇಬಿಗೆ ಬಂದು ಬೀಳತ್ತೆ. ಕಂಪನಿಯೊಂದರಲ್ಲಿ ಫೀಲ್ಡ್ ಸಿಬ್ಬಂದಿ ಹೀಗಂತ ಕೆಲಸ ನಿಲ್ಲಿಸಿದ್ದರೆ ಐಟಿ ಮುಖ್ಯಸ್ಥರು ಉತ್ತರ ಹೇಳಬೇಕಾಗ್ತಿತ್ತು. ಇಲ್ಲಿ ಅದು ಬರೀ ನೌಕರರ ಮುಷ್ಕರದ ಸುದ್ದಿಯಾಗಿ ಮುಗೀತು.

ಹಾಗಂತ ಏಣಿ ಹತ್ತೇ ಇಲ್ಲ ಅನ್ನೋದು ತಪ್ಪು. ನೋಂದಣಿಯಾದ ಕ್ರಯಪತ್ರದ ಮಾಹಿತಿ ಈಗ ಕಾವೇರಿಯಿಂದ ಭೂಮಿಗೆ ತಾನಾಗೇ ಹೋಗತ್ತೆ. ಮುಂಚೆ ರೈತನೇ ಕಾಗದ ಹೊತ್ತು ಎರಡು ಕಚೇರಿ ಅಲೀಬೇಕಿತ್ತು. ಬ್ಯಾಂಕಿನ ಸಾಲದ ಋಣ ಆನ್‌ಲೈನ್‌ನಲ್ಲೇ ಪಹಣಿಯ 11ನೇ ಕಾಲಂಗೆ ಬಂದು ಕೂರತ್ತೆ. ಇದು ನಾಲ್ಕನೇ ಮೆಟ್ಟಿಲಿನ ಕೆಲಸ. ಪಹಣಿಗೆ ಆಧಾರ್ ಜೋಡಣೆ, ತಹಶೀಲ್ದಾರ್ ಕಚೇರಿಗಳ ರೆಕಾರ್ಡ್ ರೂಮ್ ಸ್ಕ್ಯಾನ್ ಮಾಡೋ ಭೂಸುರಕ್ಷಾ, ಸತ್ತವರ ಹೆಸರಲ್ಲಿ ಉಳಿದ ಪಹಣಿಗಳಿಗೆ ಪೌತಿ ಆಂದೋಲನ, ಇವೆಲ್ಲ ಐದನೇ ಮೆಟ್ಟಿಲಿನ ಕಡೆಗೆ ಇಟ್ಟ ಹೆಜ್ಜೆಗಳು.

ಆದರೆ ಜೋಡಣೆಗೆ ಇನ್ನೊಂದು ಮುಖವೂ ಇದೆ. 2025ರ ಆರಂಭದಲ್ಲಿ ಕಾವೇರಿ 2.0 ಮೇಲೆ ಡಿಡಿಒಎಸ್ ದಾಳಿ ಆದಾಗ ರಾಜ್ಯದ ಉದ್ದಗಲಕ್ಕೂ ನೋಂದಣಿ ಅಸ್ತವ್ಯಸ್ತ ಆಯ್ತು. ಎಲ್ಲ ಒಂದಕ್ಕೊಂದು ಜೋಡಿಸಿದ ಮೇಲೆ ಒಂದು ನಿಂತರೆ ಎಲ್ಲ ನಿಲ್ಲತ್ತೆ. ಪಕ್ವ ಐಟಿ ವಿಭಾಗದ ಹತ್ತಿರ ‘ಬಿದ್ದ ದಿನ ಏನು ಮಾಡಬೇಕು’ ಅನ್ನೋದಕ್ಕೆ ಬರೆದಿಟ್ಟ ಉತ್ತರ ಇರತ್ತೆ. ಆನ್‌ಲೈನ್ ಸೇವೆ ನಿಂತ ದಿನ ಕೊನೆ ದಿನಾಂಕ ತಾನಾಗೇ ಮುಂದೆ ಹೋಗತ್ತಾ? ನಾಳೆ ಬನ್ನಿ ಅಂದರೆ ಇವತ್ತಿನ ಬಸ್ ಚಾರ್ಜು ಯಾರ ಲೆಕ್ಕ?

ಅಕ್ಷರ ಬಂತು, ಎಲ್ಲೆ ಬರಲಿಲ್ಲ

ಈ ಸೀಮೆಗೆ ದಾಖಲೆ ಹೊಸದಲ್ಲ. ತಾಳಗುಂದ, ಬಳ್ಳಿಗಾವಿ ಎರಡೂ ಶಿಕಾರಿಪುರ ತಾಲ್ಲೂಕಿನವು, ಶಾಸನಗಳಿಗೆ ಹೆಸರಾದ ಊರುಗಳು. ಹಳೇ ದತ್ತಿ ಶಾಸನಗಳಲ್ಲಿ ಭೂಮಿ ಯಾರಿಗೆ ಕೊಟ್ಟರು ಅನ್ನೋದರ ಜೊತೆಗೆ ಅದರ ನಾಲ್ಕು ಎಲ್ಲೆ ಹೇಳೋ ಪದ್ಧತಿ ಇತ್ತು. ಭೂಮಿ ಯೋಜನೆ ಕಂಪ್ಯೂಟರ್‌ಗೆ ತಂದದ್ದು ಪಹಣಿಯ ಅಕ್ಷರವನ್ನ. ನಕ್ಷೆ ಬೇರೆ ಕಡೆ ಉಳೀತು, ಬೇರೆ ಇಲಾಖೆಯ ಬೇರೆ ಸಾಫ್ಟ್‌ವೇರ್‌ನಲ್ಲಿ ಆಮೇಲೆ ನಿಧಾನಕ್ಕೆ ಬಂತು. ಒಂದೇ ಸರ್ವೆ ನಂಬರ್‌ನಲ್ಲಿ ಹತ್ತು ಜನರಿಗೆ ಮಂಜೂರಾಗಿ, ಪಹಣಿಯಲ್ಲಿ ಹತ್ತು ಹೆಸರಿದ್ದು, ಯಾರ ತುಂಡು ಎಲ್ಲಿದೆ ಅನ್ನೋ ಪೋಡಿ ಮಾತ್ರ ಆಗದೇ ಉಳಿದ ಜಮೀನುಗಳ ಕತೆ ಇದು. 2024ರ ಕೊನೆಯಲ್ಲಿ ದರಖಾಸ್ತು ಪೋಡಿಗೆ ಅಂತ ಸರ್ಕಾರ ಪ್ರತ್ಯೇಕ ಆಂದೋಲನವನ್ನೇ ಮಾಡಬೇಕಾಯ್ತು. ಕೆಟ್ಟ ಮಾಹಿತಿಯನ್ನ ಕಂಪ್ಯೂಟರ್‌ಗೆ ಹಾಕಿದರೆ ಅದು ಒಳ್ಳೇದಾಗಲ್ಲ, ಬೇಗ ಬೇಗ ಪ್ರಿಂಟ್ ಆಗತ್ತೆ ಅಷ್ಟೇ.

2007ರಲ್ಲಿ ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು ಭೂಮಿಯ ಬಗ್ಗೆ ಬರೆದ ಅಧ್ಯಯನ ಇನ್ನೂ ಕಟುವಾಗಿತ್ತು. ಹಳ್ಳಿಯ ಮಟ್ಟದಲ್ಲಿ ಮಾತಾಡಿ ಬಗೆಹರಿಸಬಹುದಾದ ವಿಷಯ ತಾಲ್ಲೂಕಿಗೆ ಹೋಯ್ತು, ಬೆಂಗಳೂರಿನ ಸುತ್ತ ಇದರ ಲಾಭ ಸಿಕ್ಕಿದ್ದು ದೊಡ್ಡ ಕುಳಗಳಿಗೆ ಅನ್ನೋದು ಅವರ ವಾದ. ಇದನ್ನ ಪೂರ್ತಿ ಒಪ್ಪಬೇಕಾಗಿಲ್ಲ. ‘ಯಾರ ಕೆಲಸ ಆಯ್ತು’ ಅನ್ನೋ ಪ್ರಶ್ನೆಗೆ ‘ಜನರದ್ದು’ ಅಂತ ಒಂದೇ ಉತ್ತರ ಇರಲ್ಲ ಅನ್ನೋದನ್ನಾದರೂ ಒಪ್ಪಬೇಕು.

ಡೇಟಾಬೇಸ್‌ನಲ್ಲಿ ಇಲ್ಲದವರು

ಇಲ್ಲಿಂದ ಮುಂದೆ ಐಟಿ ವಿಷಯ ರಾಜಕೀಯದ ವಿಷಯ ಆಗತ್ತೆ. ಪಹಣಿ ಇವತ್ತು ಬರೀ ಒಡೆತನದ ಕಾಗದವಲ್ಲ. ಅದರ ಮೇಲೆ ಎಫ್‌ಐಡಿ, ಎಫ್‌ಐಡಿ ಮೇಲೆ ಬೆಳೆ ನಷ್ಟ ಪರಿಹಾರ, ಸಾಲ, ವಿಮೆ. ಪಹಣಿ ಇಲ್ಲದವನು ಉಳಿದ ಅಷ್ಟೂ ಸಾಫ್ಟ್‌ವೇರ್‌ಗಳಲ್ಲಿ ಹುಟ್ಟೇ ಇಲ್ಲ. ವ್ಯವಸ್ಥೆ ಎಷ್ಟು ಚೆನ್ನಾಗಿ ಜೋಡಣೆ ಆಗತ್ತೋ, ಹೊರಗಿದ್ದವರು ಅಷ್ಟು ಪೂರ್ತಿಯಾಗಿ ಹೊರಗೆ ಉಳೀತಾರೆ.

ಯಾರವರು? ಒಂದು, ಬಗರ್ ಹುಕುಂ ಸಾಗುವಳಿದಾರರು. ಬಂಗಾರಪ್ಪ ಮುಖ್ಯಮಂತ್ರಿಯಾಗಿದ್ದ 1991ರಲ್ಲಿ ಭೂ ಕಂದಾಯ ಕಾಯ್ದೆಗೆ 94ಎ ಸೇರಿ ನಮೂನೆ 50 ಬಂತು. ಅದೇ ದಶಕದ ಕೊನೆಗೆ ನಮೂನೆ 53, 2018ರಲ್ಲಿ ನಮೂನೆ 57. ಮೂರು ದಶಕ, ಮೂರು ನಮೂನೆ. ಈಗ ಬಗರ್ ಹುಕುಂ ಆ್ಯಪ್ ಉಪಗ್ರಹ ಚಿತ್ರ ನೋಡಿ ಸಾಗುವಳಿ ಇತ್ತಾ ಅಂತ ಪರೀಕ್ಷೆ ಮಾಡತ್ತೆ. ಬೋಗಸ್ ಅರ್ಜಿ ತಡೆಯೋಕೆ ಇದು ಬೇಕು. ಆದರೆ ಬಯಲುಸೀಮೆಯ ಹೊಲವನ್ನ ಮೇಲಿಂದ ಗುರುತಿಸಿದಷ್ಟು ಸುಲಭವಾಗಿ ಮರದ ನೆರಳಿನ ಮಲೆನಾಡಿನ ತುಂಡು ತೋಟವನ್ನ ಗುರುತಿಸೋಕಾಗಲ್ಲ. ಕೊನೆಗೆ ತೀರ್ಮಾನ ಮಾಡೋದು ಸಮಿತಿ, ಅದರ ಅಧ್ಯಕ್ಷರು ಸಾಮಾನ್ಯವಾಗಿ ಸ್ಥಳೀಯ ಶಾಸಕರೇ. ಸಮಿತಿ ಸಭೆ ಸೇರದಿದ್ದರೆ ಯಾವ ಆ್ಯಪ್ ಏನು ಮಾಡತ್ತೆ?

ಎರಡು, ಕಾನಿನ ಅಂಚಿನವರು. ಸೊರಬದ ಕಾನುಗಳ ಬಗ್ಗೆ ಬ್ರ್ಯಾಂಡಿಸ್ ಮತ್ತು ಗ್ರಾಂಟ್ 1868ರಲ್ಲೇ ವರದಿ ಬರೆದಿದ್ದರು. ಕಾನು ಅಂದರೆ ಕಾಡೂ ಹೌದು, ಊರಿನವರ ಮೆಣಸು, ಬೈನೆಯ ಆಸರೆಯೂ ಹೌದು. ಅದು ಅರಣ್ಯವೋ ಕಂದಾಯವೋ ಅನ್ನೋ ಜಗಳ ಅವತ್ತಿಂದ ಬಂದದ್ದು. ಸಾಫ್ಟ್‌ವೇರ್‌ನ ಕಾಲಂನಲ್ಲಿ ಎರಡರಲ್ಲಿ ಒಂದನ್ನ ಆರಿಸಬೇಕು. ನೂರೈವತ್ತು ವರ್ಷ ಎರಡು ಇಲಾಖೆಗಳು ಬಿಡಿಸದ ಗಂಟನ್ನ ಒಂದು ಡ್ರಾಪ್‌ಡೌನ್ ಬಿಡಿಸಲ್ಲ. ಅರಣ್ಯ ಹಕ್ಕು ಕಾಯ್ದೆ 2006 ಪರಿಶಿಷ್ಟ ಪಂಗಡದವರಲ್ಲದ ಅರಣ್ಯವಾಸಿಗಳಿಂದ ಮೂರು ತಲೆಮಾರಿನ, ಅಂದರೆ 75 ವರ್ಷದ ಪುರಾವೆ ಕೇಳತ್ತೆ. ಆ ಪುರಾವೆ ಎಲ್ಲಿರಬಹುದು? ಸ್ಕ್ಯಾನ್ ಆಗಬೇಕಾಗಿರೋ ಅದೇ ರೆಕಾರ್ಡ್ ರೂಮಿನಲ್ಲಿ. ಹಾಗಾಗಿ ಭೂಸುರಕ್ಷಾ ಅನ್ನೋದು ಇಲ್ಲಿ ಬರೀ ಕಾಗದ ಉಳಿಸೋ ಯೋಜನೆ ಅಲ್ಲ, ಹಕ್ಕಿನ ಪ್ರಶ್ನೆ.

ಮೂರು, ಗೇಣಿಗೆ ಜಮೀನು ಹಿಡಿದು ಶುಂಠಿ, ಜೋಳ ಬೆಳೆಯೋರು. ‘ಉಳುವವನೇ ಹೊಲದೊಡೆಯ’ ಅನ್ನೋ ಕೂಗು ಎದ್ದ ಕಾಗೋಡು ಪಕ್ಕದ ಸಾಗರ ತಾಲ್ಲೂಕಿನದು, 1951ರ ಸತ್ಯಾಗ್ರಹ. ದೇವರಾಜ ಅರಸು ಕಾಲದ 1974ರ ತಿದ್ದುಪಡಿ ಗೇಣಿದಾರರಿಗೆ ಭೂಮಿ ಕೊಡಿಸ್ತು. ಅದರ ಜೊತೆಗೇ ಮುಂದೆ ಗೇಣಿಗೆ ಕೊಡೋದನ್ನ ಕಾನೂನು ನಿಷೇಧಿಸ್ತು. ಉದ್ದೇಶ ಸರಿಯಾಗೇ ಇತ್ತು. ಇವತ್ತು ಬಾಯಿಮಾತಿನಲ್ಲಿ ಗೇಣಿ ನಡೀತಿದೆ, ಕಾಗದದಲ್ಲಿ ಇಲ್ಲ. ಪಹಣಿಯ 12ನೇ ಕಾಲಂನಲ್ಲಿ ಸಾಗುವಳಿದಾರರ ಹೆಸರಿಗೆ ಜಾಗ ಇದೆ. ಗೇಣಿದಾರನನ್ನ ಅಲ್ಲಿ ಬರೆಯೋಕೆ ಮಾಲೀಕ ಹೆದರ್ತಾನೆ. ಮಳೆಗೆ ಶುಂಠಿ ಕೊಳೆತರೆ ಪರಿಹಾರ ಹೋಗೋದು ಪಹಣಿದಾರನ ಖಾತೆಗೆ, ನಷ್ಟ ಗೇಣಿದಾರನಿಗೆ. ಇಲ್ಲಿ ಸಾಫ್ಟ್‌ವೇರ್ ಪೂರ್ತಿ ಸರಿಯಾಗಿ ಕೆಲಸ ಮಾಡ್ತಿದೆ. ತಪ್ಪಿರೋದು ಅದರ ಆಚೆ.

ಐಟಿ ವಿಭಾಗದ ಪಕ್ವತೆಯ ಕೊನೆಯ ಪರೀಕ್ಷೆ ಇದೇ ಅನ್ನೋದು ನನ್ನ ಅಭಿಪ್ರಾಯ. ಎಳಸು ವಿಭಾಗ ಕೇಳಿದ್ದಕ್ಕೆಲ್ಲ ಆ್ಯಪ್ ಮಾಡಿಕೊಡತ್ತೆ. ಪಕ್ವವಾದದ್ದು ಎದ್ದು ನಿಂತು, ‘ಸ್ವಾಮಿ, ಇದು ಕೋಡ್‌ನಲ್ಲಿ ಬಗೆಹರಿಯಲ್ಲ, ಕಾಯ್ದೆ ನೋಡಿ’ ಅಂತ ಹೇಳತ್ತೆ.

ಕೇಳಬೇಕಾದ ಐದು ಅಂಕಿ

ಹೊಸ ಆ್ಯಪ್ ಬೇಡ. ಈಗಿರೋ ಮಾಹಿತಿಯಿಂದಲೇ ತೆಗೀಬಹುದಾದ ಐದು ಅಂಕಿಗಳನ್ನ ಪ್ರತಿ ತಾಲ್ಲೂಕಿಗೆ, ಹೋಬಳಿವಾರು, ತಿಂಗಳಿಗೊಮ್ಮೆ ಪ್ರಕಟಿಸಲಿ.

ಒಂದು: ಮರಣದ ದಿನಾಂಕದಿಂದ ವಾರಸುದಾರರ ಹೆಸರಿಗೆ ಪಹಣಿ ಬರೋಕೆ ಎಷ್ಟು ದಿನ ಆಗ್ತಿದೆ. ಇ-ಜನ್ಮದಲ್ಲಿ ಮೊದಲ ದಿನಾಂಕ ಇದೆ, ಭೂಮಿಯಲ್ಲಿ ಕೊನೆಯದಿದೆ.

ಎರಡು: ತಿರಸ್ಕಾರವಾದ ಅರ್ಜಿಗಳೆಷ್ಟು, ಕಾರಣ ಏನು, ಅವರಲ್ಲಿ ಎಷ್ಟು ಜನ ಮತ್ತೆ ಅರ್ಜಿ ಹಾಕಿದರು.

ಮೂರು: ಪೋಡಿ ಆಗದೆ ಉಳಿದ ಮಂಜೂರಾತಿ ಜಮೀನುಗಳ ಸಂಖ್ಯೆ.

ನಾಲ್ಕು: ಆನ್‌ಲೈನ್ ಸೇವೆ ನಿಂತಿದ್ದ ಗಂಟೆಗಳು, ಸೇವೆವಾರು.

ಐದು: ಬಗರ್ ಹುಕುಂ ಸಮಿತಿ ಎಷ್ಟು ಸಲ ಸಭೆ ಸೇರಿತು, ಎಷ್ಟು ಅರ್ಜಿ ಇತ್ಯರ್ಥ ಮಾಡಿತು.

ಮೊದಲ ನಾಲ್ಕಕ್ಕೆ ಅಧಿಕಾರಿಗಳು ಉತ್ತರ ಕೊಡಬೇಕು, ಐದನೆಯದಕ್ಕೆ ಶಾಸಕರು. ಇವನ್ನ ಪ್ರಕಟಿಸೋಕೆ ದುಡ್ಡು ಬೇಕಾಗಿಲ್ಲ, ಕೆಂಪು ತೋರಿಸೋ ಧೈರ್ಯ ಬೇಕು.

ಇದನ್ನ ಓದ್ತಿರೋರಲ್ಲಿ ಬಹಳಷ್ಟು ಜನ ಆನವಟ್ಟಿಯಿಂದಲೋ ಶಿರಾಳಕೊಪ್ಪದಿಂದಲೋ ಬೆಂಗಳೂರಿಗೆ ಬಂದು ಯಾವುದೋ ಕಂಪನಿಯ ಟಿಕೆಟ್ ಕ್ಲೋಸ್ ಮಾಡ್ತಿರಬಹುದು. ನಿಮ್ಮ ಗ್ರಾಹಕರಿಗೆ ‘ನಾಳೆ ಬನ್ನಿ’ ಅಂದರೆ ಏನಾಗತ್ತೆ ಅಂತ ನಿಮಗೆ ಗೊತ್ತು. ಮುಂದಿನ ಸಲ ಊರಿಗೆ ಹೋದಾಗ ನಿಮ್ಮ ಮನೆಯ ಪಹಣಿ ತೆಗೆದು 9ನೇ ಕಾಲಂನಲ್ಲಿ ಯಾರ ಹೆಸರಿದೆ ನೋಡಿ. ಅದು ಅಜ್ಜನ ಹೆಸರಾಗಿದ್ದರೆ, ಮೇಲಿನ ಐದು ಪ್ರಶ್ನೆಗಳನ್ನ ಮಾಹಿತಿ ಹಕ್ಕು ಅರ್ಜಿಯಲ್ಲಿ ಬರೆದು ತಾಲ್ಲೂಕು ಕಚೇರಿಗೆ ಕೊಟ್ಟು ಬನ್ನಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ.